ಯಾರಿಗೆ ಯಾರ ಹೆದರಿಕೆ?

ದೆವ್ವದ ಸಿನಿಮಾ ನೋಡಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಹೆದರಿಕೆ ಆಯ್ತಾ?' ಆಯಿತು ಅಂದರೆ ಸಿನಿಮಾ ಗೆದ್ದಿತು, ಇಲ್ಲ ಅಂದರೆ ಸೋತಿತು. ಈ ಅಳತೆಗೋಲು ಹಿಡಿದು ಮಲೇಷ್ಯಾದ ಒಂದು ಸಿನಿಮಾವನ್ನು ಅಳೆಯಹೋದವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ. ಆ ತಕರಾರಿನಲ್ಲಿ ನಮಗೂ ಒಂದು ಮಾತಿದೆ.

ಸಿನಿಮಾದ ಹೆಸರು 'ಟೈಗರ್ ಸ್ಟ್ರೈಪ್ಸ್', ಅಂದರೆ ಹುಲಿಪಟ್ಟೆ. ಮಲಯ ಭಾಷೆಯದು, 2023ರದು. ನಿರ್ದೇಶಕಿ ಅಮಾಂಡಾ ನೆಲ್ ಯೂ. ಇದು ಆಕೆಯ ಮೊದಲ ಪೂರ್ಣಪ್ರಮಾಣದ ಚಿತ್ರ. ಕಥೆ ಸಣ್ಣದು. ಹಳ್ಳಿಗಾಡಿನ ಹೆಣ್ಣುಮಕ್ಕಳ ಶಾಲೆ. ಹನ್ನೆರಡು ವರ್ಷದ ಜಫ್ಫಾನ್ ತನ್ನ ಗೆಳತಿಯರಲ್ಲೇ ಮೊದಲು ಮೈನೆರೆಯುತ್ತಾಳೆ. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿದ ಗೆಳತಿಯರು ಇವತ್ತು ಮೂಗು ಮುಚ್ಚಿಕೊಳ್ಳುತ್ತಾರೆ. ಆಪ್ತಗೆಳತಿ ಫರಾ ಹಿಂಸೆಯ ಮುಂದಾಳಾಗುತ್ತಾಳೆ. ಜಫ್ಫಾನಳ ಮೈಮೇಲೆ ಗುಳ್ಳೆ ಏಳುತ್ತವೆ, ಉಗುರು ಕಳಚುತ್ತವೆ, ಕಣ್ಣು ಹೊಳೆಯುತ್ತವೆ. ಶಾಲೆಯ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕಿರುಚಿ ಬೀಳತೊಡಗುತ್ತಾರೆ. ದೆವ್ವ ಬಿಡಿಸಲು ಡಾಕ್ಟರ್ ರಹೀಂ ಎಂಬುವನು ಬರುತ್ತಾನೆ, ಫೋನಿನ ಕ್ಯಾಮೆರಾದಲ್ಲಿ ಊರಿಗೆಲ್ಲ ನೇರಪ್ರಸಾರ ಮಾಡಿಕೊಂಡು! ಆದರೆ ಜಫ್ಫಾನ್ ಹುಲಿಯಾಗಿದ್ದಾಳೆ.

ಇದಕ್ಕೆ 2023ರ ಕಾನ್ ಉತ್ಸವದಲ್ಲಿ ವಿಮರ್ಶಕರ ವಾರದ ದೊಡ್ಡ ಬಹುಮಾನ ಬಂತು. ಪಶ್ಚಿಮದ ವಿಮರ್ಶಕರು ಪಿಕ್ಸಾರ್‌ನ 'ಟರ್ನಿಂಗ್ ರೆಡ್' (2022) ಜೊತೆ ಹೋಲಿಸಿದರು. ಮೆಚ್ಚಿದವರು ಹುಡುಗಿಯ ಸಿಟ್ಟನ್ನು ಮೆಚ್ಚಿದರು. ಮೆಚ್ಚದವರು 'ಹುಲಿಯ ಮೇಕಪ್ಪು ಅಗ್ಗದ್ದು, ಕೊನೆಕೊನೆಗೆ ಕಥೆ ಸಡಿಲ, ಭಯವೇ ಆಗುವುದಿಲ್ಲ' ಎಂದರು. 2004ರಲ್ಲಿ ಶುಹೈಮಿ ಬಾಬಾ ಎಂಬ ಇನ್ನೊಬ್ಬ ಮಹಿಳೆ 'ಪೊಂಟಿಯಾನಕ್ ಹರೂಮ್ ಸುಂಡಾಲ್ ಮಾಲಂ' ಮಾಡಿದ ಮೇಲೆ ಮಲಯ ಪ್ರೇಕ್ಷಕರಿಗೆ ದೆವ್ವದ ಸಿನಿಮಾಗಳಿಗೆ ಬರವಿಲ್ಲ. ಬಾಣಂತಿ ಸತ್ತು ದೆವ್ವವಾಗುವುದು, ಕುತ್ತಿಗೆಗೆ ಮೊಳೆ ಹೊಡೆದರೆ ಸುಂದರಿಯಾಗುವುದು ಅವರಿಗೆ ಅಜ್ಜಿಕಥೆ. ಅಂಥ ದೆವ್ವವನ್ನು ಹುಡುಕಿ ಹೋದವರಿಗೆ ಇಲ್ಲಿ ಸಿಗುವುದು ಒಬ್ಬ ಶಾಲಾಹುಡುಗಿ. ಅವರ ನಿರಾಸೆ ಸುಳ್ಳಲ್ಲ.

ನಾವು ಆರು ಜನ ಗೆಳೆಯರೊಬ್ಬರ ರೂಮಿನಲ್ಲಿ, ಒಂದೇ ಲ್ಯಾಪ್‌ಟಾಪಿನ ಮುಂದೆ ಒತ್ತಿಕೊಂಡು ಕೂತು ಇದನ್ನು ನೋಡಿದೆವು. ಕೆಳಗಿನ ಇಂಗ್ಲಿಷ್ ಸಾಲು ಓದಿ ಮುಗಿಸುವಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತಿತ್ತು. ಒಬ್ಬರಿಗೊಬ್ಬರು ಅರ್ಥ ಹೇಳಿಕೊಂಡೆವು. ಮುಗಿದಾಗ ಒಬ್ಬ ಗೆಳೆಯ ಅಂದ: 'ಇದ್ರಲ್ಲಿ ದೆವ್ವ ಎಲ್ಲೈತೆ ಮಾರಾಯ? ನಗು ಬಂತು ನಂಗೆ.' ಮೂಲೆಯಲ್ಲಿದ್ದ ಗೆಳತಿ ಅಂದಳು: 'ನಿಂಗೆ ನಗು ಬಂತು. ನಾನು ಹೊಟ್ಟೆ ಹಿಡ್ಕೊಂಡು ಕೂತಿದ್ದೆ.' ಸಿನಿಮಾ ಒಂದೇ, ಗೋಡೆ ಒಂದೇ, ಚಾಪೆ ಒಂದೇ. ನೋಡಿದ್ದು ಎರಡು. ಈ ಎರಡು ಮಾತುಗಳ ನಡುವೆ ಇರುವುದು ಬರೀ ರುಚಿಭೇದ ಅಂತ ತೇಲಿಸಿಬಿಡಲು ನಮಗೆ ಮನಸ್ಸು ಬರಲಿಲ್ಲ.

ಹುಡುಗಿಯರು ಗುಂಪುಗುಂಪಾಗಿ ಕಿರುಚುವುದು ನಿರ್ದೇಶಕಿಯ ಕಲ್ಪನೆ ಮಾತ್ರವಲ್ಲ. 1970ರ ದಶಕದಲ್ಲಿ ಮಲೇಷ್ಯಾಕ್ಕೆ ಜಪಾನ್, ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬಂದವು. ಹಳ್ಳಿಯ ಹೆಣ್ಣುಮಕ್ಕಳು ಪಾಳಿ ಮೇಲೆ ಪಾಳಿ ದುಡಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು ಅದರೊಳಗೆ ಭೂತದ ಮುಖ ಕಂಡು ಕಿರುಚಿ ಬಿದ್ದರು. ಕಂಪನಿಯವರು ಬೊಮೊ ಎಂಬ ಮಂತ್ರವಾದಿಯನ್ನು ಕರೆಸಿ ಆಡು ಕಡಿಸಿದರು. ಮಾನವಶಾಸ್ತ್ರಜ್ಞೆ ಐಹ್ವಾ ಓಂಗ್ 1987ರಲ್ಲಿ ಈ ಕಾರ್ಖಾನೆಗಳ ಬಗ್ಗೆ ಪುಸ್ತಕ ಬರೆದು, ಆ ಮೈದುಂಬುವಿಕೆಯೇ ಒಂದು ಬಗೆಯ ಪ್ರತಿರೋಧ ಎಂದು ತೋರಿಸಿದರು. ಬಾಯಲ್ಲಿ ಹೇಳಲಾಗದ್ದನ್ನು ಮೈ ಹೇಳಿತು. 2016ರ ಏಪ್ರಿಲ್‌ನಲ್ಲಿ ಕೆಲಂತಾನ್ ರಾಜ್ಯದ ಕೋತ ಬಾರುವಿನಲ್ಲಿ ಹೀಗೇ ಆಗಿ ಶಾಲೆಯನ್ನೇ ಮುಚ್ಚಬೇಕಾಯಿತು. ಡಾಕ್ಟರ್ ರಹೀಂ ಆ ಬೊಮೊನ ಮೊಮ್ಮಗ. ಅಂದು ಕೈಯಲ್ಲಿ ಕತ್ತಿ, ಇಂದು ಫೋನು. ಕಂಪನಿಗೆ ಬೇಕಿದ್ದುದು ಹುಡುಗಿ ಮತ್ತೆ ಕೆಲಸಕ್ಕೆ ಕೂರುವುದು. ಶಾಲೆಗೆ ಬೇಕಾದ್ದು ಹುಡುಗಿ ಮತ್ತೆ ಸಾಲಿನಲ್ಲಿ ನಿಲ್ಲುವುದು. ಅವಳು ಯಾಕೆ ಕಿರುಚಿದಳು ಎಂದು ಕೇಳುವ ವ್ಯವಧಾನ ಇಬ್ಬರಿಗೂ ಇಲ್ಲ.

ಹಾಗಾದರೆ ಈ ಸಿನಿಮಾ ನೋಡಿ ನಿಜವಾಗಿ ಹೆದರಿದವರು ಯಾರೂ ಇಲ್ಲವೇ? ಇದ್ದಾರೆ. ಸೆನ್ಸಾರ್ ಮಂಡಳಿ. ಅದೂ ಒಬ್ಬ ಪ್ರೇಕ್ಷಕ ತಾನೆ, ಕೈಯಲ್ಲಿ ಕತ್ತರಿ ಇರುವ ಪ್ರೇಕ್ಷಕ. 2023ರ ಅಕ್ಟೋಬರಿನಲ್ಲಿ ಚಿತ್ರ ಸ್ವದೇಶದಲ್ಲಿ ತೆರೆ ಕಂಡಾಗ, ಇಲ್ಲಿ ತೋರಿಸುತ್ತಿರುವುದು ನಾವು ಮಾಡಿದ ಸಿನಿಮಾ ಅಲ್ಲ, ಇದರ ಹೊಣೆ ನನ್ನದಲ್ಲ ಎಂದು ನಿರ್ದೇಶಕಿ ಬಹಿರಂಗವಾಗಿ ಹೇಳಿದರು. ಕತ್ತರಿಸಿ ತೆಗೆದದ್ದು ಎಲ್ಲರಂತಿರದ ಒಬ್ಬ ಹುಡುಗಿಯ ಸಂತೋಷವನ್ನು ಎಂಬುದು ಅವರ ಮಾತಿನ ತಾತ್ಪರ್ಯ. ತಮಾಷೆ ನೋಡಿ: ಅದೇ ವರ್ಷ ಅದೇ ದೇಶ ಇದೇ ಚಿತ್ರವನ್ನು ತನ್ನ ಪರವಾಗಿ ಆಸ್ಕರ್ ಸ್ಪರ್ಧೆಗೆ ಆರಿಸಿತು. ಹೊರಗಿನವರಿಗೆ ಇಡೀ ಹುಲಿ, ಮನೆಯವರಿಗೆ ಉಗುರು ಕತ್ತರಿಸಿದ ಹುಲಿ. ಆ ದೇಶದ ಲಾಂಛನದಲ್ಲಿ ಎರಡು ಹುಲಿಗಳು ನಿಂತಿವೆ. ಲಾಂಛನದ ಹುಲಿ ಪೂಜೆಗೆ. ಹನ್ನೆರಡು ವರ್ಷದ ಹುಲಿ ಬೇಟೆಗೆ.

ಈಗ ಆ ಗೆಳತಿಯ ಹೊಟ್ಟೆನೋವಿಗೆ ಬರೋಣ. ಮುಟ್ಟಾದವಳು ನಮಾಜು ಮಾಡುವಂತಿಲ್ಲ. ಜಫ್ಫಾನಳ ಲೋಕದಲ್ಲಿ ಇದು ಧರ್ಮದ ನಿಯಮ. ಅಲ್ಲಿನ ಕಟ್ಟು ಬೇರೆ, ಇಲ್ಲಿನ ಮಡಿ-ಮೈಲಿಗೆ ಬೇರೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಆದರೆ ಗೆಳತಿಯರು ಮೂಗು ಮುಚ್ಚಿಕೊಂಡು ಹಿಂದೆ ಸರಿಯುವ ಆ ಹೆಜ್ಜೆ ಇದೆಯಲ್ಲ, ಅದನ್ನು ನಾವು ಬಲ್ಲೆವು. ನಮ್ಮ ಭಾಷೆಯಲ್ಲಿ ಮುಟ್ಟು ಅಂದರೆ ತಾಗುವುದು. ಮುಟ್ಟು ಅಂದರೆ ಹೆಂಗಸಿನ ರಕ್ತ. ಅವಳು ತಿಂಗಳಿಗೆ ಮೂರು ದಿನ ಮುಟ್ಟಬಾರದವಳು, ನಾವು ಹುಟ್ಟಿದಂದಿನಿಂದ ಮುಟ್ಟಬಾರದವರು. ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಇಳಿದುಬಿಡಬಹುದು. ಇಳಿಯುವಂತಿಲ್ಲ. ನಮ್ಮ ಕೇರಿಯಲ್ಲೂ ಅವ್ವನನ್ನು ಆ ಮೂರು ದಿನ ಹಿತ್ತಲಲ್ಲಿ ಕೂರಿಸಿದೆವು. ಅವಳ ತಟ್ಟೆ ಬೇರೆ, ಚಾಪೆ ಬೇರೆ. ಗುಡಿಯ ಹೊಸ್ತಿಲಲ್ಲಿ ನಮ್ಮನ್ನು ತಡೆದವರ ಮೇಲೆ ಪದ್ಯ ಬರೆದೆವು. ಹಿತ್ತಲ ಮೇಲೆ ಒಂದು ಸಾಲು ಬರೆಯಲಿಲ್ಲ. ನಗು ಬಂತು ಅಂದ ಗೆಳೆಯನೂ ಕೇರಿಯವನೇ.

ಸಿನಿಮಾದಲ್ಲಿ ಕೊರತೆಗಳಿವೆ. ಗಂಡಸರು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ; ಹಿಂಸೆಯ ಭಾರವೆಲ್ಲ ಫರಾಳಂಥ ಮಕ್ಕಳ ಹೆಗಲಿಗೆ ಬೀಳುತ್ತದೆ. ಅವಳಿಗೆ ಈ ಕ್ರೌರ್ಯ ಕಲಿಸಿದವರು ಯಾರು ಎಂಬುದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ರಹೀಂನ ಪ್ರಹಸನ ನಗಿಸುತ್ತದೆ, ಆದರೆ ನಕ್ಕ ಮೇಲೆ ಅವನು ಅಪಾಯಕಾರಿ ಅನ್ನಿಸುವುದಿಲ್ಲ. ಎಂಟು ದೇಶಗಳ ಹಣ ಕೂಡಿ ಆದ ಚಿತ್ರ ಇದು. ಹೊರನಾಡಿನ ಉತ್ಸವದ ಕಣ್ಣಿಗೆ ಕಾಡು ಚಂದ ಕಾಣಲಿ ಎಂಬ ಆಸೆ ಅಲ್ಲಲ್ಲಿ ಇಣುಕುತ್ತದೆ. ಇಷ್ಟಾದರೂ ಮೇಕಪ್ಪು ಅಗ್ಗ ಎಂಬ ದೂರನ್ನು ನಾವು ಒಪ್ಪುವುದಿಲ್ಲ. ಹುಲಿ ನಿಜದ ಹುಲಿಯಂತೆ ಕಂಡಿದ್ದರೆ ನಾವು ಹುಲಿಗೆ ಹೆದರುತ್ತಿದ್ದೆವು, ಹುಡುಗಿಯನ್ನು ಮರೆಯುತ್ತಿದ್ದೆವು. ಬಣ್ಣದ ಹಿಂದೆ ಅವಳ ಮುಖ ಕಾಣುತ್ತಲೇ ಇರುತ್ತದೆ. ಅದು ಕಾಣಬೇಕು.

ಗೆಳೆಯರೇ, ಮುಂದಿನ ಸಲ ಯಾರಾದರೂ 'ಹೆದರಿಕೆ ಆಯ್ತಾ' ಅಂದರೆ ತಿರುಗಿಸಿ ಕೇಳಿ: ಯಾರಿಗೆ? ಯಾರನ್ನು ಕಂಡು? ನಾವು ಈ ಸಲ ಊರಿಗೆ ಹೋದಾಗ ಅವ್ವನನ್ನು ಹಿತ್ತಲಿನ ಬಗ್ಗೆ ಕೇಳಬೇಕು ಅಂದುಕೊಂಡಿದ್ದೇವೆ. ಅವಳು ಏನು ಹೇಳುತ್ತಾಳೋ ಎಂಬ ಹೆದರಿಕೆ ಮಾತ್ರ ನಮಗಿದೆ.