ಪ್ರತಿವಾದಿಗೆ ಅವನದೇ ಮಾತು: ಗೂಳೂರಿನ ಶೂನ್ಯಸಂಪಾದನೆ ಮತ್ತು ವಾಗ್ವಾದದ ಸಭ್ಯತೆ

ವಾಗ್ವಾದದ ಸಭ್ಯತೆಯನ್ನು ಅಳೆಯಲು ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಸಂಬೋಧನೆ. ಕನ್ನಡದಲ್ಲಿ 'ನೀನು' ಎಷ್ಟು, 'ನೀವು' ಎಷ್ಟು, ಬಹುವಚನದ ಕ್ರಿಯಾರೂಪಗಳೆಷ್ಟು ಎಂದು ಎಣಿಸುವುದು ಸುಲಭ. ಬ್ರೌನ್ ಮತ್ತು ಲೆವಿನ್ಸನ್ ಅವರು 1978ರಲ್ಲಿ ಮಂಡಿಸಿ 1987ರಲ್ಲಿ ಹೊಸ ಪೀಠಿಕೆಯೊಡನೆ ಪುಸ್ತಕವಾಗಿ ಹೊರತಂದ ಸೌಜನ್ಯ ಸಿದ್ಧಾಂತವು ಇಷ್ಟು ಸರಳವಾದುದಲ್ಲ. ಕೇಳುಗನ 'ಮುಖ'ಕ್ಕೆ ಒದಗುವ ಬೆದರಿಕೆಯನ್ನು ಮಾತು ಹೇಗೆಲ್ಲ ತಗ್ಗಿಸುತ್ತದೆ ಎಂಬುದು ಅದರ ವಿಷಯ. ಆದರೂ ಬೆದರಿಕೆ ತಗ್ಗಿದಷ್ಟೂ ಸಭ್ಯತೆ ಹೆಚ್ಚು ಎಂಬ ಗ್ರಹಿಕೆ ಅದರ ತಳದಲ್ಲಿದೆ. ವಾಗ್ವಾದದ ಮಟ್ಟಿಗೆ ಈ ಗ್ರಹಿಕೆ ಸಾಲದು ಎಂಬುದು ನಮ್ಮ ವಾದ. ಇಂದಿನ ರಾಜಕೀಯ ಚರ್ಚೆಯಲ್ಲಿ 'ಸ್ವಾಮಿ', 'ಬುದ್ಧಿವಂತರೇ' ಎಂಬ ಗೌರವಸೂಚಕಗಳೇ ಹೀಯಾಳಿಕೆಯ ಉಪಕರಣಗಳಾಗಿರುವುದನ್ನು ಯಾವ ಕನ್ನಡಿಗನೂ ಬಲ್ಲ.

ಈ ಪ್ರಶ್ನೆಗೆ ತುಮಕೂರಿನ ಸೀಮೆಯಲ್ಲೇ ಒಂದು ಸಮರ್ಥ ಆಕರವಿದೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ಸಿದ್ಧಪಡಿಸಿದವನು ತುಮಕೂರಿಗೆ ಸಮೀಪದ ಗೂಳೂರಿನ ಸಿದ್ಧವೀರಣ್ಣ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಾದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಗೆ ಸೇರಿದವನು ಆತ. ಅದೇ ಕಾಲದ ಆಸುಪಾಸಿನಲ್ಲಿ ಗುಬ್ಬಿಯ ಮಲ್ಲಣಾರ್ಯನು ಪುರಾಣದ ದಾರಿಯನ್ನು ಹಿಡಿದು 'ವೀರಶೈವಾಮೃತ'ವನ್ನು ರಚಿಸಿದನು. ಸಿದ್ಧವೀರಣ್ಣನು ಹಿಡಿದದ್ದು ಸಂವಾದದ ದಾರಿಯನ್ನು. 12ನೆಯ ಶತಮಾನದ ವಚನಗಳು ಬಿಡಿ ಉಕ್ತಿಗಳು. ಅವನ್ನು ಪ್ರಶ್ನೆ-ಉತ್ತರಗಳಾಗಿ ಜೋಡಿಸಿ, ನಡುವೆ ಗದ್ಯದ ಕೊಂಡಿಗಳನ್ನಿಟ್ಟು, ಅಲ್ಲಮಪ್ರಭುವನ್ನು ಕೇಂದ್ರದಲ್ಲಿರಿಸಿ ನಡೆಸಿದ ದೀರ್ಘ ವಾಗ್ವಾದವೇ ಈ ಕೃತಿ. ಅಂದರೆ ಇಲ್ಲಿನ ಮಾತಿನ ಸರದಿ ಸಂಪಾದಕನ ನಿರ್ಮಿತಿ.

ಈ ನಿರ್ಮಿತಿಯಲ್ಲಿ ಒಂದು ನಿಯಮವಿದೆ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಮಂಡಿಸುವವನು ಸಿದ್ಧಾಂತಿಯೇ. ಎದುರಾಳಿಯ ವಾದವು ಅವನನ್ನು ಖಂಡಿಸುವವನ ಭಾಷೆಯಲ್ಲಿ ಬರುತ್ತದೆ. ಶೂನ್ಯಸಂಪಾದನೆಯಲ್ಲಿ ಹಾಗಲ್ಲ. ಅಕ್ಕಮಹಾದೇವಿಯ ಉತ್ತರ ಅಕ್ಕನ ವಚನದಲ್ಲಿ, ಅವಳದೇ ಅಂಕಿತದೊಡನೆ ಬರುತ್ತದೆ. ಬಟ್ಟೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆ ಎಂದು ಅಲ್ಲಮನು ಕೇಳುವ ಪ್ರಶ್ನೆಯಲ್ಲಿ ಮುಖರಕ್ಷಣೆಯ ಲವಲೇಶವೂ ಇಲ್ಲ. ಆದರೆ ಆ ಪ್ರಶ್ನೆಗೆ ಉತ್ತರಿಸುವ ಪೂರ್ಣ ಅವಕಾಶ ಅವಳಿಗಿದೆ; ಉತ್ತರ ಸಮರ್ಪಕವಾದಾಗ ಪ್ರಶ್ನಿಸಿದವನೇ ಅವಳ ಹಿರಿಮೆಯನ್ನು ಒಪ್ಪುತ್ತಾನೆ. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದುವಲ್ಲಿಯೂ ನಿಷ್ಠುರತೆ ಮತ್ತು ನ್ಯಾಯ ಜೊತೆಯಾಗಿಯೇ ಇವೆ. ನ್ಯಾಯದರ್ಶನವು ವಾದ, ಜಲ್ಪ, ವಿತಂಡ ಎಂದು ವಿಂಗಡಿಸುವಾಗಲೂ ಒರೆಗಲ್ಲು ದನಿಯ ಮೃದುತ್ವವಲ್ಲ; ಸತ್ಯವನ್ನು ಅರಸುವುದೋ, ಗೆಲುವನ್ನು ಮಾತ್ರವೋ, ತನ್ನದೊಂದು ಪಕ್ಷವನ್ನೇ ನಿಲ್ಲಿಸದೆ ಕೆಡಹುವುದನ್ನೋ ಎಂಬುದು.

ನಮ್ಮ ವಾದಕ್ಕೆ ಎರಡು ಆಕ್ಷೇಪಗಳಿವೆ. ಎರಡೂ ಗಟ್ಟಿಯಾದುವೇ. ಮೊದಲನೆಯದು: ಗೆಲ್ಲುವವನು ಯಾರೆಂದು ಮೊದಲೇ ನಿಶ್ಚಯವಾಗಿರುವ ಸಂವಾದವನ್ನು ನ್ಯಾಯಯುತವೆನ್ನುವುದು ಹೇಗೆ? ಕೆಲವು ವಚನಗಳು ಸಂಪಾದಕರ ಕೈಯಿಂದಲೇ ಬಂದಿರಬಹುದೆಂಬ ಶಂಕೆಗೂ ಅವಕಾಶವಿದೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ನಾವು ಎತ್ತಿ ಹಿಡಿಯುತ್ತಿರುವುದು ಫಲಿತಾಂಶವನ್ನಲ್ಲ, ಕ್ರಮವನ್ನು. ಸೋಲಿಸಬೇಕಾದವನ ಮಾತನ್ನೂ ಅವನ ಅಂಕಿತದಡಿಯಲ್ಲೇ ಇಡುವ ಕ್ರಮ ಓದುಗನಿಗೆ ಸಂಪಾದಕನ ತೀರ್ಪನ್ನು ಒಪ್ಪದಿರುವ ಸ್ವಾತಂತ್ರ್ಯವನ್ನು ಉಳಿಸುತ್ತದೆ.

ಎರಡನೆಯದು ಹೆಚ್ಚು ತೊಡಕಿನದು. ಸೊನ್ನಲಿಗೆಯಲ್ಲಿ ಕೆರೆಯ ಕೆಲಸದಲ್ಲಿ ತೊಡಗಿದ್ದ ಸಿದ್ಧರಾಮನನ್ನು ಅಲ್ಲಮನು 'ಒಡ್ಡ' ಎಂದು ಕೆಣಕುತ್ತಾನೆ; ಸಿಟ್ಟಿಗೆದ್ದ ಕೆಲಸಗಾರರು ಅವನ ಮೇಲೆ ಕಲ್ಲೆಸೆಯುತ್ತಾರೆ. ಸಿದ್ಧರಾಮನ ಮಟ್ಟಿಗೆ ಆ ಬಿರುನುಡಿ ಸಂವಾದದ ಬಾಗಿಲಾಯಿತು. ಆದರೆ ಅದು ಚುಚ್ಚುನುಡಿಯಾದದ್ದು ಮಣ್ಣು ಹೊರುವ ಒಂದು ಸಮುದಾಯದ ಹೆಸರು ಕೀಳೆಂಬ ನಂಬಿಕೆಯ ಬಲದಿಂದಲೇ. ಆ ಸಮುದಾಯ ಇಂದು ಭೋವಿ ಎಂಬ ಹೆಸರಿನಲ್ಲಿ ಸಿದ್ಧರಾಮನನ್ನೇ ಗುರುವೆಂದು ಆರಾಧಿಸುತ್ತದೆ. ಕಲ್ಲೆಸೆದವರಿಗೆ ಆ ಸಂವಾದದಲ್ಲಿ ಅಂಕಿತವಿಲ್ಲ, ವಚನವಿಲ್ಲ. ಇಬ್ಬರು ಜ್ಞಾನಿಗಳ ನಡುವಣ ನ್ಯಾಯವು ಮೂರನೆಯವರ ಹೆಸರನ್ನು ಸವೆಸಿ ನಡೆದಿದೆ. ನಮ್ಮ ಮಾನದಂಡವನ್ನು ಪಠ್ಯಕ್ಕೇ ಹಚ್ಚಿದಾಗ ಪಠ್ಯ ಇಲ್ಲಿ ಸೋಲುತ್ತದೆ. ಸೋಲನ್ನು ತೋರಿಸಬಲ್ಲುದರಿಂದಲೇ ಆ ಮಾನದಂಡ ಉಪಯುಕ್ತ.

ಆದ್ದರಿಂದ ವಾಗ್ವಾದದ ಭಾಷೆಯನ್ನು ಅಭ್ಯಸಿಸುವವರು ಸರ್ವನಾಮಗಳ ಜೊತೆಗೆ ಉದ್ಧರಣದ ವ್ಯಾಕರಣವನ್ನೂ ಗುರುತಿಸಬೇಕೆಂದು ನಾವು ಸೂಚಿಸುತ್ತೇವೆ. 'ಅವರು ಹೀಗೆಂದರು' ಎಂಬುದು ಮಾತನ್ನು ಆಡಿದವರ ಹೊಣೆಗೆ ಒಪ್ಪಿಸುತ್ತದೆ. 'ಹೀಗಂತೆ' ಎಂಬುದು ಕೇಳಿಕೆಯ ಸುದ್ದಿಯನ್ನು ಹೇಳುವ ಸಾಧು ರೂಪವೇ ಆದರೂ, ವಾದದ ನಡುವೆ ಬಂದಾಗ ಆಡದ ಮಾತನ್ನೂ ಎದುರಾಳಿಯ ಬಾಯಿಗೆ ತುರುಕಿ ನಗೆಗೀಡುಮಾಡಬಲ್ಲದು. ಎರಡರಲ್ಲೂ ಬಹುವಚನ ಇರಬಹುದು, 'ಸ್ವಾಮಿ' ಇರಬಹುದು. ಅವುಗಳ ಅಂತರವನ್ನು ಗೌರವಸೂಚಕಗಳ ಎಣಿಕೆ ಕಾಣಲಾರದು. ಯಾರ ಮಾತು ಯಾರ ಬಾಯಲ್ಲಿ ಬಂದಿದೆ, ಉತ್ತರಿಸುವ ಸರದಿ ಯಾರಿಗೆ ಸಿಕ್ಕಿದೆ, ಯಾರ ಹೆಸರು ಬರಿಯ ಬೈಗುಳಾಗಿ ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಒಂದು ವಾಗ್ವಾದವನ್ನು ಸಭ್ಯವೆಂದೋ ಅಸಭ್ಯವೆಂದೋ ಕರೆಯುವ ಅಧಿಕಾರ ನಮಗೆ ದೊರೆಯುತ್ತದೆ.