‘ಗೃಹಭಂಗ’ದಲ್ಲಿ ಮಾತು

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಹೊರಬಂದದ್ದು 1970ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಅನೇಕರು ಈ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡರು. ನಾವೂ ಅವರಲ್ಲಿ ಸೇರಿದವರು. ಬಡತನದ ಕಥೆ, ಪ್ಲೇಗಿನ ಕಥೆ, ಒಬ್ಬ ಹೆಣ್ಣುಮಗಳ ಸಹನೆಯ ಕಥೆ ಎಂದು ಇದನ್ನು ಎಲ್ಲರೂ ಮೆಚ್ಚಿದ್ದಾರೆ; ಅದು ಸರಿಯೇ. ಆದರೆ ಈ ಸಲದ ಓದಿನಲ್ಲಿ ನಮಗೆ ಹೆಚ್ಚಾಗಿ ಕಂಡದ್ದು ಬೇರೊಂದು ವಿಷಯ. ಇದು ಮಾತಿನಿಂದ ಮುರಿದ ಮನೆಯ ಕಥೆ. ಪ್ಲೇಗು ಬಂದದ್ದು ಆಮೇಲೆ. ಅದಕ್ಕೆ ಮೊದಲೇ ಆ ಮನೆಯಲ್ಲಿ ಒಬ್ಬರಾಡಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದು ನಿಂತುಹೋಗಿತ್ತು.

ತಿಪಟೂರು, ಚನ್ನರಾಯಪಟ್ಟಣದ ಸೀಮೆ. 1920ರಿಂದ 45ರ ಸುಮಾರಿನ ಕಾಲ. ಶಾನುಭೋಗರ ವಿಧವೆ ಗಂಗಮ್ಮ, ಮಕ್ಕಳು ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ, ಹಿರಿಸೊಸೆ ನಂಜಮ್ಮ. ಗಂಗಮ್ಮನ ಬಾಯಿ ಕನ್ನಡ ಓದುಗರಿಗೆಲ್ಲ ಪರಿಚಿತ. ಮೊದಲ ಪುಟಗಳಲ್ಲೇ ತಾಯಿ ಮಕ್ಕಳನ್ನು ಬಯ್ಯುತ್ತಾಳೆ, ಮಕ್ಕಳು ಅದೇ ಬೈಗುಳವನ್ನು ತಾಯಿಗೆ ಹಿಂತಿರುಗಿಸುತ್ತಾರೆ. ಇದನ್ನು ಓದಿ ನಗುವವರುಂಟು, ಅಸಹ್ಯಪಡುವವರೂ ಉಂಟು. ನಗು, ಅಸಹ್ಯ ಎರಡನ್ನೂ ಬದಿಗಿಟ್ಟು ಆ ಬೈಗುಳದ ರಚನೆಯನ್ನು ನೋಡಬೇಕು ಎಂದು ನಮಗೆ ತೋರುತ್ತದೆ.

ಗಂಗಮ್ಮನಿಗೆ ಹೇಳಲು ವಿಷಯವಿಲ್ಲ ಎಂದಲ್ಲ, ಬೇಕಾದಷ್ಟಿದೆ. ಎಳೆಯ ವಯಸ್ಸಿನಲ್ಲಿ ವಯಸ್ಸಾದ ಶಾನುಭೋಗರ ಕೈಹಿಡಿದು ಬಂದವಳು, ಬೇಗ ವಿಧವೆಯಾದವಳು. ಮಕ್ಕಳು ಸೋಮಾರಿಗಳು, ಜಮೀನು ಕೈತಪ್ಪುವ ಹಾದಿಯಲ್ಲಿದೆ, ಊರಿನಲ್ಲಿ ಕೇಳುವವರಿಲ್ಲ. ಅವಳ ಬೈಗುಳದ ಅಡಿಯಲ್ಲಿ ಒಂದು ಭಯವಿದೆ, ಒಂದು ಬೇಡಿಕೆಯೂ ಇದೆ. ಆದರೆ ಆ ಬೇಡಿಕೆ ಬಾಯಿಗೆ ಬರುವಷ್ಟರಲ್ಲಿ ಶಾಪವಾಗಿ ಹೋಗಿರುತ್ತದೆ. ಮಗ ಇಂಥ ಕೆಲಸ ಮಾಡಲಿಲ್ಲ ಎಂಬಲ್ಲಿಂದ ಹೊರಟದ್ದು, ಮಗ ಇಂಥವನು, ಅವನ ಹುಟ್ಟು ಇಂಥದು ಎಂಬಲ್ಲಿಗೆ ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುತ್ತದೆ. ಮಾಡದ ಕೆಲಸವನ್ನು ನಾಳೆ ಮಾಡಬಹುದು. ಹುಟ್ಟನ್ನು ಯಾರು ತಿದ್ದಲು ಸಾಧ್ಯ? ಹಾಗಾಗಿ ಎದುರಿನವನಿಗೆ ಉಳಿಯುವುದು ತಿರುಗಿ ಬಯ್ಯುವುದೊಂದೇ.

ನಾವು ಕಡತಗಳ ನಡುವೆ ಬಾಳುವವರು. ಕಚೇರಿಯ ಟಿಪ್ಪಣಿಗೆ ಒಂದು ನಿಯಮವಿದೆ: ಮೇಲಿನ ಪ್ಯಾರಾದಲ್ಲಿ ಕೇಳಿದ್ದಕ್ಕೆ ಕೆಳಗಿನ ಪ್ಯಾರಾದಲ್ಲಿ ಉತ್ತರವಿರಬೇಕು. ಇಲ್ಲದಿದ್ದರೆ ಕಡತ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಗಂಗಮ್ಮನ ಮನೆಯಲ್ಲಿ ಯಾವ ಟಿಪ್ಪಣಿಗೂ ಉತ್ತರವಿಲ್ಲ. ಪ್ರತಿಯೊಬ್ಬರೂ ಹೊಸ ಕಡತ ತೆರೆಯುತ್ತಾರೆ. (ಇದು ಬರಿಯ ರಾಮಸಂದ್ರದ ಶಾನುಭೋಗರ ಮನೆಯ ಲಕ್ಷಣವೇ ಎಂಬುದನ್ನು ಓದುಗರೇ ಯೋಚಿಸಲಿ.)

ಇನ್ನು ನಂಜಮ್ಮ. ವಿಮರ್ಶಕರು ಅವಳನ್ನು ಸಹನಾಮೂರ್ತಿ ಎಂದು ಕರೆದು ಪೂಜೆಗಿಟ್ಟಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಅವಳಿಗೆ ಮಾಡಿದ ಅನ್ಯಾಯ. ಸಹಿಸಿಕೊಂಡು ಸುಮ್ಮನಿದ್ದವಳು ಅವಳಲ್ಲ. ಗಂಡನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ತಾನು ಕಲಿತು ಬರೆದವಳು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕಿದವಳು, ಅತ್ತೆಯ ಮನೆಯಿಂದ ಬೇರೆಯಾಗಿ ಸಂಸಾರ ಹೂಡಿದವಳು. ಬೈಗುಳಕ್ಕೆ ಬೈಗುಳ ಕೊಡಲಿಲ್ಲ, ನಿಜ. ಆದರೆ ಹೇಳಬೇಕಾದದ್ದನ್ನು ಹೇಳದೆ ನುಂಗಲೂ ಇಲ್ಲ. ಅವಳ ಮಾತು ಆಗಬೇಕಾದ ಕೆಲಸವನ್ನು ಕುರಿತದ್ದು: ಇಷ್ಟು ರಾಗಿ ಇದೆ, ಇಷ್ಟು ದಿನ ಬರುತ್ತದೆ, ಇಂಥದನ್ನು ಮಾಡಬೇಕು. ಹೇಳಿ ಕೇಳದಿದ್ದಾಗ ಎದ್ದು ತಾನೇ ಮಾಡುತ್ತಾಳೆ. ಮನಸ್ಸು ಬಿಚ್ಚಿ ಮಾತನಾಡಲು ಅವಳಿಗೆ ಒಬ್ಬರಿದ್ದರು, ಭಿಕ್ಷೆಯಿಂದ ಬಾಳುವ ಮಹಾದೇವಯ್ಯನವರು. ಅಯ್ಯನವರ ದೊಡ್ಡ ಗುಣ ಉಪದೇಶವಲ್ಲ, ಪೂರ್ತಿ ಕೇಳಿಸಿಕೊಳ್ಳುವುದು. ಇಡೀ ಕಾದಂಬರಿಯಲ್ಲಿ ಆ ಗುಣ ಇರುವವರು ಬೆರಳೆಣಿಕೆಯಷ್ಟು.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ಜಗಳದ ಮಾತನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ಕಣ್ಣಿಗೆ ಕಂಡದ್ದು, ಅದರಿಂದ ಮನಸ್ಸಿಗಾದದ್ದು, ಅದರ ಹಿಂದಿನ ಅಗತ್ಯ, ಕೊನೆಗೆ ಕೋರಿಕೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಲವಣವನ್ನು ಬಿಡಿಸಿದಂತೆಯೇ. ಈ ವಿಧಾನವನ್ನು ಹಿಡಿದು ನೋಡಿದರೆ ಗಂಗಮ್ಮ ನಾಲ್ಕನೆಯದನ್ನು ಮುಟ್ಟುವುದೇ ಇಲ್ಲ. ನಂಜಮ್ಮ ಮುಟ್ಟುತ್ತಾಳೆ. ಆದರೆ ಭೈರಪ್ಪನವರು ಇಲ್ಲಿ ಎಲ್ಲ ಬೋಧಕರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಷ್ಠುರರಾಗುತ್ತಾರೆ. ಸರಿಯಾಗಿ ಆಡಿದ ಮಾತೂ ನಂಜಮ್ಮನ ಮನೆಯನ್ನು ಉಳಿಸುವುದಿಲ್ಲ. ಚೆನ್ನಿಗರಾಯನಿಗೆ ಊಟದ ಯೋಚನೆಯನ್ನು ದಾಟಿ ಏನೂ ತಲೆಗೆ ಹತ್ತುವುದಿಲ್ಲ. ಪಾರ್ವತಿ, ರಾಮಣ್ಣ ಇಬ್ಬರೂ ಪ್ಲೇಗಿಗೆ ತುತ್ತಾಗುತ್ತಾರೆ, ಆಮೇಲೆ ಅವಳೂ. ಮೃದುವಾಗಿ ಮಾತನಾಡಿ, ಎಲ್ಲ ಸರಿಹೋಗುತ್ತದೆ ಎನ್ನುವ ಇಂದಿನ ಪುಸ್ತಕಗಳ ಪಕ್ಕದಲ್ಲಿ ಈ ಕಾದಂಬರಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಗಂಗಮ್ಮನ ಭಯವನ್ನು ನಾವು ಊಹಿಸಿಕೊಂಡೆವೇ ಹೊರತು ಕಾದಂಬರಿಕಾರರು ಅದಕ್ಕೆ ಹೆಚ್ಚು ಜಾಗ ಕೊಟ್ಟಿಲ್ಲ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು ಭೈರಪ್ಪ. 1996ರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ನಂಜಮ್ಮನ ಪಾತ್ರದ ಹಿಂದಿನ ಆರ್ದ್ರತೆ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಆ ಆರ್ದ್ರತೆಯ ಒಂದು ಹನಿಯಾದರೂ ಅತ್ತೆಯ ಮೇಲೆ ಬಿದ್ದಿದ್ದರೆ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು.

ಚೆನ್ನೈಯಲ್ಲಿ ಕುಳಿತು ಓದುವ ನಮ್ಮಂಥ ಕುಟುಂಬಗಳಿಗೆ ಇದರಲ್ಲಿ ಇನ್ನೊಂದು ವಿಷಯವಿದೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಮನೆಯಲ್ಲಿ ಉಳಿದ ಕನ್ನಡ ಯಾವುದು? ಎಷ್ಟೋ ಮನೆಗಳಲ್ಲಿ ಅದು ಊಟಕ್ಕೆ ಕರೆಯುವ ಮತ್ತು ಬಯ್ಯುವ ಕನ್ನಡ. ಜಗಳ ಕನ್ನಡದಲ್ಲಿ ಶುರುವಾಗಿ, ರಾಜಿ ‘ಸಾರಿ’ ಎಂಬಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ರಾಜಿಗೆ ಮಾತಿಲ್ಲವೆ? ‘ತಪ್ಪಾಯ್ತು’ ಇದೆ, ‘ಹೋಗಲಿ ಬಿಡು’ ಇದೆ. ಮಾತೇ ಆಡದೆ ಒಂದು ಲೋಟ ಕಾಫಿ ತಂದು ಮುಂದಿಡುವುದೂ ಇದೆ. ಗಂಗಮ್ಮನ ಬಾಯಲ್ಲಿ ‘ತಪ್ಪಾಯ್ತು’ ಎಂಬುದನ್ನು ಊಹಿಸುವುದೂ ಕಷ್ಟ. ನಮ್ಮ ಮಕ್ಕಳು ಆ ಮಾತನ್ನು ನಮ್ಮ ಬಾಯಿಂದ ಎಷ್ಟು ಸಲ ಕೇಳಿದ್ದಾರೆ? ಕೇಳದಿದ್ದರೆ ಅವರಿಗೆ ಕನ್ನಡ ಎಂದರೆ ಗದರುವ ಭಾಷೆ ಎಂದೇ ಉಳಿದೀತು. ದೊಡ್ಡವರಾದ ಮೇಲೆ ಅದನ್ನು ಬಿಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗದು.

ಕಾದಂಬರಿಯಾಚೆಯ ಒಂದು ಸಂಗತಿ. ಕಾವೇರಿಯ ವಿಷಯ ಬಂದಾಗಲೆಲ್ಲ ಈ ಊರಿನ ಕನ್ನಡಿಗರೂ ಬೆಂಗಳೂರಿನ ತಮಿಳರೂ ಧ್ವನಿ ತಗ್ಗಿಸಿ ಮಾತನಾಡಬೇಕಾಗಿ ಬಂದಿದೆ. 1991 ಮತ್ತು 2016 ನೆನಪಿದ್ದವರಿಗೆ ವಿವರಿಸಬೇಕಾಗಿಲ್ಲ. ಇದೇ ಚೆನ್ನೈಯಲ್ಲಿ 2003ರಲ್ಲಿ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುತುವರ್ಜಿಯಿಂದ, ಎರಡೂ ರಾಜ್ಯದ ರೈತರು ಎದುರುಬದುರು ಕುಳಿತು ಮಾತನಾಡಿದರು. ‘ಕಾವೇರಿ ಕುಟುಂಬ’ ಹುಟ್ಟಿದ್ದು ಹಾಗೆ. ಅವರು ಪರಸ್ಪರರ ಹೊಲಗದ್ದೆಗಳಿಗೂ ಹೋಗಿ ನೋಡಿ ಬಂದರು. ವಿವಾದವೇನೂ ಅದರಿಂದ ಬಗೆಹರಿಯಲಿಲ್ಲ. 2007ರಲ್ಲಿ ನ್ಯಾಯಮಂಡಳಿಯ, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರಬೇಕಾಯಿತು. ಆದರೂ ಒಣಗಿದ ಗದ್ದೆಯ ಬದುವಿನ ಮೇಲೆ ನಿಂತು ಅದರ ಒಡೆಯನ ಹುಟ್ಟನ್ನು ಬಯ್ಯುವುದು ಕಷ್ಟ. ನಂಜಮ್ಮನ ರೀತಿ ಅದಕ್ಕೆ ಹತ್ತಿರವಾದದ್ದು: ಮೊದಲು ಇರುವುದನ್ನು ನೋಡು, ಆಮೇಲೆ ಮಾತು.

ಬೈಗುಳಕ್ಕೆ ಹೆದರಿ ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡದ ತಂದೆತಾಯಿಗಳನ್ನು ಬಲ್ಲೆವು. ಕನ್ನಡ ಓದಬಲ್ಲ ಹದಿನೈದರ ಹುಡುಗ ಹುಡುಗಿಯರಿಗೆ ಧಾರಾಳವಾಗಿ ಕೊಡಬಹುದು ಎಂದೇ ನಮ್ಮ ಮತ. ಓದಲು ಬಾರದವರಿಗೆ ದೊಡ್ಡವರು ಗಟ್ಟಿಯಾಗಿ ಓದಿ ಹೇಳಲಿ. ಗಂಗಮ್ಮನ ಮಾತುಗಳನ್ನು ನಮ್ಮ ಬಾಯಿಂದಲೇ ಆಡಿ, ಆ ಧ್ವನಿ ಮನೆಯಲ್ಲಿ ಹೊಸದೋ ಹಳೆಯದೋ ಎಂದು ಮಕ್ಕಳನ್ನೇ ಕೇಳಬಹುದು.