ಟೇಲರ್ ಮಂಜಿಲ್‌ನಿಂದ ಕಂಡ ಸುರಪುರ

ಹೊರದೇಶಕ್ಕೆ ಓದಲು ಹೋದ ನಮ್ಮ ಮಕ್ಕಳು ರಜೆ ಸಿಕ್ಕ ದಿನ ಅಲ್ಲಿನ ಕೋಟೆ, ಅರಮನೆಗಳನ್ನು ಸುತ್ತಿ ಬರುತ್ತಾರೆ. ಚೆನ್ನಾಗಿ ಬರೆಯುತ್ತಾರೆ ಕೂಡ. ಹುಟ್ಟಿದ ಜಿಲ್ಲೆಯ ಬೆಟ್ಟವನ್ನು ಮಾತ್ರ ಹತ್ತಿರುವುದಿಲ್ಲ. ಅವರನ್ನು ದೂರುವ ಮೊದಲು ನಾವು ಕೇಳಿಕೊಳ್ಳಬೇಕು: ಒಂದು ದಿನದ ಮಟ್ಟಿಗೆ ಯಾದಗಿರಿ, ಶಹಾಪುರ, ಸುರಪುರ ನೋಡಬಯಸುವ ವಿದ್ಯಾರ್ಥಿಗೆ ನಾವು ಯಾವ ಪುಸ್ತಕ ಕೊಡುತ್ತೇವೆ? ಬಹುತೇಕ ಫಿಲಿಪ್ ಮೆಡೋಸ್ ಟೇಲರ್ ಅವರ ಆತ್ಮಕಥೆಯನ್ನೇ.

ಅದು ಕೊಡತಕ್ಕ ಪುಸ್ತಕವೇ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್ ಹದಿನೈದರ ಹರೆಯದಲ್ಲಿ ಈ ದೇಶಕ್ಕೆ ಬಂದು ನಿಜಾಮರ ಸೈನ್ಯ ಸೇರಿದರು. ಅವರಿಗೆ ದಖ್ಖನ್ನೇ ಕಾಲೇಜು. ಇಲ್ಲಿನ ಭಾಷೆಗಳನ್ನು ಇಲ್ಲಿನ ಜನರಿಂದಲೇ ಕಲಿತರು. ಪತ್ನಿ ಮೇರಿ, ಹೈದರಾಬಾದಿನ ವಿಲಿಯಂ ಪಾಮರ್ ಅವರ ಮಗಳು. ಪಾಮರ್ ಅವರ ತಾಯಿ ಫೈಜ್ ಬಕ್ಷ್ ಬೇಗಂ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ಟೇಲರ್ ಕೈಯಲ್ಲಿತ್ತು. 1876ರಲ್ಲಿ ಅವರು ತೀರಿಕೊಂಡ ಮರುವರ್ಷ ಆತ್ಮಕಥೆ ಪ್ರಕಟವಾಯಿತು. ಈ ಸೀಮೆಯ ಜನರನ್ನು ಪ್ರೀತಿಯಿಂದ ಕಂಡ ಬರಹವದು.

ಆದರೆ ಪ್ರೀತಿಯಿಂದ ನೋಡುವ ಕಣ್ಣಿಗೂ ಎಲ್ಲವೂ ಕಾಣುವುದಿಲ್ಲ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟ ಬಯಲಿದೆ. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಗಳ ಪ್ರಾಚೀನ ಗೋರಿಗಳಿವೆ. ಇಂಥವುಗಳನ್ನು ಅಗೆದು, ಅಳೆದು, ಚಿತ್ರ ಬರೆದು ಲೋಕಕ್ಕೆ ತಿಳಿಸಿದವರು ಟೇಲರ್. ಜನ ಅವನ್ನು ಮೋರ್ಯರ ಮನೆ ಎನ್ನುತ್ತಿದ್ದುದನ್ನೂ ಗುರುತಿಸಿಕೊಂಡರು. ಆದರೂ ಅವುಗಳ ಮೂಲವನ್ನು ತಮ್ಮ ಸೀಮೆಯ ಕೆಲ್ಟರಲ್ಲಿ, ಡ್ರೂಯಿಡ್ ಪುರೋಹಿತರಲ್ಲಿ ಹುಡುಕಿದರು. ಇವು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದವೆಂದು ಮುಂದಿನ ವಿದ್ವಾಂಸರು ತೋರಿಸಿಕೊಟ್ಟರು.

ಕಲ್ಲಿನ ವಿಷಯದಲ್ಲಿ ಆದ ತಪ್ಪನ್ನು ಹೀಗೆ ತಿದ್ದಬಹುದು. ಮನುಷ್ಯರ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಬಾಲಕ ರಾಜಾ ವೆಂಕಟಪ್ಪ ನಾಯಕರು ಟೇಲರ್ ಅವರನ್ನು 'ಅಪ್ಪಾ' ಎಂದು ಕರೆಯುತ್ತಿದ್ದರು. ಆ ಬಾಲಕನ ಹೆತ್ತ ತಾಯಿ ರಾಣಿ ಈಶ್ವರಮ್ಮ ಮಾತ್ರ ಪುಸ್ತಕದುದ್ದಕ್ಕೂ ಒಳಸಂಚಿನ ಹೆಣ್ಣು. ಅಧಿಕಾರಕ್ಕಾಗಿ ಆಕೆಯೊಂದಿಗೆ ಸೆಣಸಿದವರೇ ಬಿಡಿಸಿದ ಚಿತ್ರವಿದು ಎಂಬುದನ್ನು ಓದುಗರು ಮರೆಯಬಾರದು. ಆಕೆಯ ಕಡೆಯ ಮಾತು ಆ ಪುಟಗಳಲ್ಲಿಲ್ಲ.

1858ರ ಫೆಬ್ರವರಿಯಲ್ಲಿ ಸುರಪುರ ಕಂಪನಿಯ ವಿರುದ್ಧ ನಿಂತಿತು. ರಾಜರ ಕಡೆ ಬೇಡ ವೀರರಿದ್ದರು, ಅರಬ್ಬರೂ ರೋಹಿಲ್ಲರೂ ಇದ್ದರು. ಜಾತಿ, ಧರ್ಮದ ಲೆಕ್ಕದಲ್ಲೇ ಇತಿಹಾಸ ಓದುವವರಿಗೆ ಈ ಸಾಲುಗಳನ್ನು ತೋರಿಸಬೇಕು. ಸೋತ ರಾಜರು ಹೈದರಾಬಾದಿನಲ್ಲಿ ಸೆರೆಯಾದರು. ಸೆರೆಯಲ್ಲಿ ಟೇಲರ್ ಅವರನ್ನು ಕಂಡರು. ಪ್ರೇರೇಪಿಸಿದವರ ಹೆಸರು ಹೇಳೆಂದು ಕೇಳಿದಾಗ ಆ ತರುಣ ಹೇಳಲಿಲ್ಲ. ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದರು. ಪುಸ್ತಕದ ಅತ್ಯಂತ ಮನಕಲಕುವ ಭಾಗವಿದು. ಆದರೆ ಟೇಲರ್ ಇದನ್ನು ದಾರಿ ತಪ್ಪಿದ ಮಗನ ದುರಂತವಾಗಿ ಕಾಣುತ್ತಾರೆ. ತನ್ನ ನೆಲವನ್ನು ಕಳೆದುಕೊಳ್ಳುತ್ತಿದ್ದ ಅರಸನ ಸಿಟ್ಟನ್ನು ತಂದೆಯ ಕಣ್ಣೀರು ಮರೆಮಾಡುತ್ತದೆ. ರಾಜರು ಅದೇ ವರ್ಷ ಗುಂಡಿಗೆ ಬಲಿಯಾದರು. ತಾವೇ ಹೊಡೆದುಕೊಂಡರೆಂಬುದು ಟೇಲರ್ ಒಪ್ಪಿದ ವಿವರಣೆ. ಸಂಸ್ಥಾನ 1860ರಲ್ಲಿ ನಿಜಾಮರ ಪಾಲಾಯಿತು.

ಹಾಗಾದರೆ ಪುಸ್ತಕವನ್ನು ಬದಿಗಿಡಬೇಕೆ? ಬೇಡ. ವಿದ್ಯಾರ್ಥಿ ಬೆಳಿಗ್ಗೆ ಯಾದಗಿರಿ ಕೋಟೆ ಹತ್ತಲಿ. ಅಲ್ಲಿ ಗುಡಿ, ಮಸೀದಿ, ತೋಪು, ನೀರಿನ ಹೊಂಡ ಎಲ್ಲವೂ ಒಂದೇ ಗೋಡೆಯೊಳಗಿವೆ. ಮಧ್ಯಾಹ್ನ ವಿಭೂತಿಹಳ್ಳಿಯ ಬಂಡೆಗಳ ನಡುವೆ ನಿಲ್ಲಲಿ. ಸಂಜೆ ಸುರಪುರದ ಬೆಟ್ಟದ ಮೇಲಿನ ಟೇಲರ್ ಮಂಜಿಲ್‌ನಲ್ಲಿ ಕೂತು ಆತ್ಮಕಥೆಯ ನಾಲ್ಕು ಪುಟ ಓದಲಿ. ಆಮೇಲೆ ಕೆಳಗಿಳಿದು ಊರೊಳಗೆ ಬರಲಿ. ಈ ಊರಿನ ಹಿರಿಯರು ರಾಣಿಯ ಬಗ್ಗೆ, ರಾಜರ ಸಾವಿನ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳಿ ಬರೆದುಕೊಳ್ಳಲಿ. ಟೇಲರ್ ಬರೆಯದ ಅಧ್ಯಾಯವನ್ನು ಬರೆಯಬೇಕಾದವರು ನಮ್ಮ ಮಕ್ಕಳೇ.